ಸುರಕ್ಷತೆಯ ಹೆಚ್ಚುವರಿ ಪ್ರಭಾರ

ಸುಸ್ತಿನಲ್ಲೂ ಜಾತಿಗಳಿವೆ. ಮೈಮುರಿದು ಕೆಲಸ ಮಾಡಿ ಬಂದ ಸುಸ್ತು ಒಂದು ನಿದ್ದೆಗೆ ಇಳಿದುಹೋಗುತ್ತದೆ. ಬೇರೆಯವರಿಗೆ ಅವರದೇ ಒಳ್ಳೆಯದನ್ನು ತಿಳಿಸಿ ಹೇಳಲು ಹೋಗಿ ಬರುವ ಸುಸ್ತು ಹಾಗಲ್ಲ. ಅದು ಬೆಳಗ್ಗೆ ನಮಗಿಂತ ಮೊದಲೇ ಎದ್ದು, ನಮ್ಮ ಕುರ್ಚಿಯಲ್ಲೇ ಕೂತು ಕಾಫಿ ಕುಡಿಯುತ್ತಿರುತ್ತದೆ. ನನಗೆ ಈ ಎರಡನೆಯದರ ಪರಿಚಯವಾದದ್ದು ನಾನು ಸುರಕ್ಷತಾ ಅಧಿಕಾರಿಯಾದ ಮೇಲೆ.

ವೃತ್ತಿಯಿಂದ ನಾನು ಕನ್ನಡ ಮೇಷ್ಟರು. ಆಗ ವೈಟ್‌ಫೀಲ್ಡ್ ದಾಟಿ ಸರ್ಜಾಪುರದ ಕಡೆಗಿದ್ದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದೆ. ಹೊರಗೆಲ್ಲ ಗಾಜು ಹೊದ್ದ ನಾಲ್ಕು ಅಂತಸ್ತಿನ ಕಟ್ಟಡ. ಸಾಫ್ಟ್‌ವೇರ್ ಕಂಪನಿಯೆಂದು ತಿಳಿದು ಬಯೋಡೇಟಾ ಹಿಡಿದುಕೊಂಡು ಬಂದವರೂ ಉಂಟು. ಅದೊಂದು ದಿನ ಕುಲಸಚಿವರು ನನ್ನನ್ನು ಕರೆಸಿದರು. ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಸಿಬ್ಬಂದಿಯ ಆರೋಗ್ಯ ಮತ್ತು ಸುರಕ್ಷತೆಗೆ ಯಾರು ಹೊಣೆ ಎಂದು ಅವರು ಕೇಳಿದರೆ ತೋರಿಸಲು ಒಬ್ಬ ಮನುಷ್ಯ ಬೇಕಾಗಿದ್ದ.

“ಸಾರ್, ಕೆಮಿಸ್ಟ್ರಿಯವರು ಇದ್ದಾರಲ್ಲ, ಆಸಿಡ್ಡು ಗ್ಯಾಸು ಎಲ್ಲ ಅವರ ಹತ್ರಾನೇ ಇರೋದು” ಎಂದೆ.

“ಅವರು ಬಿಜಿ ಕಣ್ರೀ” ಎಂದರು ಕುಲಸಚಿವರು. ಕನ್ನಡದವನು ಯಾವತ್ತೂ ಬಿಜಿಯಲ್ಲ ಎಂಬುದು ಬೆಂಗಳೂರಿನ ಎಲ್ಲ ಕಾಲೇಜುಗಳೂ ಒಪ್ಪಿಕೊಂಡಿರುವ ಸತ್ಯ. ನನ್ನ ಮುಖ ಸಣ್ಣದಾದದ್ದು ಕಂಡು, “ಮೈಕ್ ಇಲ್ಲದೆ ನೂರು ಜನಕ್ಕೆ ಕೇಳೋ ಹಾಗೆ ಪಾಠ ಮಾಡ್ತೀರಂತೆ. ಬೆಂಕಿ ಬಿದ್ದಾಗ ಅಂಥ ಗಂಟಲೇ ಬೇಕು” ಎಂದು ಸಮಾಧಾನವನ್ನೂ ಹೇಳಿದರು. ಹೀಗೆ ಹಳೆಗನ್ನಡದ ಜೊತೆಗೆ ಸುರಕ್ಷತೆಯ ಹೆಚ್ಚುವರಿ ಪ್ರಭಾರವೂ ನನ್ನ ಹೆಗಲಿಗೆ ಬಿತ್ತು.

ಮೊದಲು ನನಗೇ ತರಬೇತಿ ಕೊಟ್ಟರು. ಕುರ್ಚಿಯಲ್ಲಿ ಸರಿಯಾಗಿ ಕೂರುವುದು ಹೇಗೆ ಎಂದು ಒಬ್ಬ ಯುವಕ ಇಡೀ ದಿನ ಹೇಳಿಕೊಟ್ಟ. ಅದನ್ನು ಕೇಳುತ್ತ ಅಷ್ಟು ಹೊತ್ತು ಕೂತ ಪರಿಣಾಮವಾಗಿ ನನ್ನ ಸೊಂಟ ಹಿಡಿದುಕೊಂಡಿತು. ಭಾರ ಎತ್ತುವಾಗ ಬೆನ್ನು ಬಗ್ಗಿಸಬಾರದು, ಮೊಣಕಾಲು ಮಡಿಸಿ ಎತ್ತಬೇಕು ಎಂದೂ ಹೇಳಿದ. ಐವತ್ತು ದಾಟಿದವನ ಮೊಣಕಾಲು ಮಡಿಸಿದರೆ ಮತ್ತೆ ಬಿಡಿಸಲು ಯಾರನ್ನು ಕರೆಯಬೇಕು ಎಂಬುದು ಮಾತ್ರ ಅವನ ಪಾಠದಲ್ಲಿ ಇರಲಿಲ್ಲ. ಕೊನೆಗೆ ಹೊಳೆಯುವ ಕಿತ್ತಳೆ ಬಣ್ಣದ ಒಂದು ಜಾಕೆಟ್ಟು ಕೊಟ್ಟರು. ಅದನ್ನು ಹಾಕಿಕೊಂಡು ಗೇಟಿನ ಬಳಿ ನಿಂತ ಮೊದಲ ದಿನವೇ ವಿದ್ಯಾರ್ಥಿಯೊಬ್ಬನ ತಂದೆ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟು, “ನೆರಳಲ್ಲಿ ನಿಲ್ಸಪ್ಪ” ಎಂದು ಒಳಗೆ ಹೋಗಿಬಿಟ್ಟರು. ನನಗೆ ಕಾರು ಬಿಡಲು ಬಾರದು. ಅವರು ಹಿಂದಿರುಗಿ ಬರುವವರೆಗೂ ಕೀಲಿ ಹಿಡಿದು ನಾನೇ ನೆರಳಲ್ಲಿ ನಿಂತಿದ್ದೆ.

ಕಟ್ಟಡದಲ್ಲಿ ಬೆಂಕಿಯ ಅಲಾರಂ ಒಂದಿತ್ತು. ಕೆಳಗಿನ ಕ್ಯಾಂಟೀನಿನಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೆಲ್ಲ ಅದು ಹೊಡೆದುಕೊಳ್ಳುತ್ತಿತ್ತು. ಚಿತ್ರಾನ್ನದ ದಿನವಂತೂ ಪಾಠವೇ ನಡೆಯುತ್ತಿರಲಿಲ್ಲ. ಒಗ್ಗರಣೆ ನಿಲ್ಲಿಸುವುದೋ ಅಲಾರಂ ನಿಲ್ಲಿಸುವುದೋ ಎಂಬ ಪ್ರಶ್ನೆ ಬಂದಾಗ ಅಧ್ಯಾಪಕ ವರ್ಗ ಒಮ್ಮತದಿಂದ ಒಗ್ಗರಣೆಯ ಪರ ನಿಂತಿತು. ಅಲಾರಂ ವೈರು ಕಿತ್ತರು. ಮತ್ತೆ ಜೋಡಿಸಿ ಎಂದು ನಾನು ಕಚೇರಿಗೆ ಅಲೆದದ್ದೇ ಬಂತು. “ನಿಮ್ಮ ಗಂಟಲು ಇದೆಯಲ್ಲ ಸಾರ್” ಎಂದು ಅಲ್ಲಿಯವರು ನಗುತ್ತಿದ್ದರು.

ಒಮ್ಮೆ ಅಣಕು ಕವಾಯತು ಏರ್ಪಡಿಸಿದೆ. ಬೆಂಕಿ ಬಿದ್ದಿದೆ ಎಂದು ನಾನು ಕೂಗುವುದು, ಎಲ್ಲರೂ ಮೆಟ್ಟಿಲಿಳಿದು ಮೈದಾನ ಸೇರುವುದು. ಕೂಗಿದೆ. ವಿದ್ಯಾರ್ಥಿಗಳು ಸಂತೋಷದಿಂದ ಇಳಿದು ಹಾಗೇ ಮನೆಗೆ ಹೋದರು. ಅಧ್ಯಾಪಕರು ಮಾತ್ರ ಕದಲಲಿಲ್ಲ. ಭೌತಶಾಸ್ತ್ರದ ಮುಖ್ಯಸ್ಥರಾದ ವೆಂಕಟಾಚಲಯ್ಯನವರು ಮೌಲ್ಯಮಾಪನದ ಕಟ್ಟಿನಿಂದ ತಲೆಯೆತ್ತದೆ, “ನಾನು ಸುಟ್ಟುಹೋದೆ ಅಂತ ಬರ್ಕೊಳ್ಳಿ ಮೇಷ್ಟ್ರೇ” ಎಂದರು. ಅರ್ಥಶಾಸ್ತ್ರದ ಸುಲೋಚನಾ ಮೇಡಂ ಮಂಡಿಯ ಆಪರೇಷನ್ ಮಾಡಿಸಿಕೊಂಡು ಆಗಷ್ಟೇ ಕೆಲಸಕ್ಕೆ ಮರಳಿದ್ದರು. “ಸುಳ್ಳು ಬೆಂಕಿಗೆಲ್ಲ ಮೂರು ಮಹಡಿ ಇಳಿಯೋಕಾಗಲ್ಲ ಕಣ್ರೀ. ನಿಜವಾದ್ದು ಬಂದಾಗ ಹೇಳಿ” ಎಂದರು.

ನಿಜವಾದದ್ದೂ ಬಂತು. ಒಂದು ಸಂಜೆ ತರಗತಿಗಳು ಮುಗಿದು ವಿದ್ಯಾರ್ಥಿಗಳು ಹೊರಟುಹೋಗಿದ್ದರು. ಮೂರನೆಯ ಮಹಡಿಯ ಸಿಬ್ಬಂದಿ ಕೋಣೆಯಲ್ಲಿ ನಾವೊಂದಿಷ್ಟು ಜನ ಕಾಲೇಜು ಬಸ್ಸಿನ ಹೊತ್ತು ಕಾಯುತ್ತಿದ್ದೆವು. ಸೆಕ್ಯುರಿಟಿಯ ಶರಣಪ್ಪ ಏದುಸಿರು ಬಿಡುತ್ತ ಬಂದ. ಯಾದಗಿರಿ ಕಡೆಯವನು, ಎಂದೂ ಗಾಬರಿಯಾಗುವ ಆಸಾಮಿಯಲ್ಲ.

“ಸರ, ಕೆಳಗ ಬ್ಯಾಟ್ರಿ ರೂಮಿನ್ಯಾಗ ಹೊಗಿ ಎದ್ದೈತ್ರಿ. ಕರೆಂಟ್ ತಗದೀನಿ, ಫೈರ್‌ನವರಿಗೂ ಫೋನ್ ಹಚ್ಚೀನಿ. ಮಂದೀನ ಲಗೂನ ಇಳಸ್ರಿ.”

ಹೊರಗೆ ಬಂದು ನೋಡಿದರೆ ಮೆಟ್ಟಿಲ ಸಂದಿಯಿಂದ ಕರಿ ಹೊಗೆ ತೆಳ್ಳಗೆ ಏರುತ್ತಿತ್ತು. ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತು, “ಬೆಂಕಿ! ಎಲ್ಲರೂ ಇಳೀರಿ!” ಎಂದು ಕೂಗಿದೆ.

“ಇವತ್ತೂನಾ?” ಎಂದರು ವೆಂಕಟಾಚಲಯ್ಯ.

“ನಿಜವಾದ ಬೆಂಕಿ ಸಾರ್!”

“ಹೋದ ಸಲವೂ ನಿಜವಾದ್ದು ಅಂತ್ಲೇ ಕೂಗಿದ್ರಿ” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಕರೆಂಟು ಹೋದದ್ದು ಯಾರಿಗೂ ವಿಶೇಷವೆನಿಸಲಿಲ್ಲ. ನಮ್ಮ ಭಾಗದಲ್ಲಿ ಕರೆಂಟು ಇದ್ದರೆ ವಿಶೇಷ. ಅವರ ಮುಖಗಳನ್ನು ನೋಡಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರ ಮಗಳ ಮದುವೆ ಗೊತ್ತಾಗಿತ್ತು. ಈ ಜನ ನನ್ನ ಮಾತು ನಂಬದೆ ಇಲ್ಲೇ ಹೊಗೆ ಕುಡಿದು ಸಾಯುತ್ತಾರಲ್ಲ ಎಂದು ಅಳು ಬಂದಂತಾಯಿತು. ಮರುಕ್ಷಣ ಎಲ್ಲಿಂದ ಹೊಳೆಯಿತೋ, ಗಂಟಲು ಹರಿಯುವಂತೆ ಕಿರುಚಿದೆ:

“ಬಸ್ಸು ಹೊರಡ್ತಾ ಇದೆ! ವರ್ತೂರಿನ ಹತ್ರ ಜಾಮ್ ಅಂತೆ, ಈಗಲೇ ಬಿಡ್ತಾನಂತೆ!”

ಆಮೇಲೆ ನಡೆದದ್ದನ್ನು ತರಬೇತಿಯ ಯುವಕ ನೋಡಬೇಕಿತ್ತು. ಕುರ್ಚಿಗಳು ಹಿಂದಕ್ಕೆ ಬಿದ್ದವು, ಟಿಫನ್ ಡಬ್ಬಿಗಳು ಚೀಲ ಸೇರಿದವು. ಮೌಲ್ಯಮಾಪನದ ಕಟ್ಟನ್ನು ಅಲ್ಲೇ ಎಸೆದು ವೆಂಕಟಾಚಲಯ್ಯನವರು ಎಲ್ಲರಿಗಿಂತ ಮುಂದೆ ಓಡಿದರು. “ಆ ಕಡೆ ಮೆಟ್ಟಿಲು! ಈ ಕಡೆ ಬೇಡ!” ಎಂದು ನಾನು ಅಡ್ಡ ನಿಂತು ತಿರುಗಿಸಿದೆ. ಬಸ್ಸಿಗೆ ಅದೇ ಹತ್ತಿರದ ದಾರಿಯಾದ್ದರಿಂದ ಯಾರೂ ವಾದ ಮಾಡಲಿಲ್ಲ. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಕೋಣೆ ಖಾಲಿ.

ಖಾಲಿಯೇನಲ್ಲ, ಸುಲೋಚನಾ ಮೇಡಂ ಕೂತಿದ್ದರು. ಅವರನ್ನು ಕರೆದೊಯ್ಯಲು ದಿನವೂ ಯಜಮಾನರು ಕಾರು ತರುತ್ತಿದ್ದುದರಿಂದ ಬಸ್ಸಿನ ಹಂಗು ಅವರಿಗಿರಲಿಲ್ಲ. ಅಷ್ಟರಲ್ಲಿ ಹೊಗೆ ಬಾಗಿಲಿಗೇ ಬಂದಿತ್ತು. ಅದನ್ನು ನೋಡಿ ಅವರ ಬಣ್ಣ ಇಳಿಯಿತು. “ಮೇಷ್ಟ್ರೇ, ನನ್ನ ಬಿಟ್ಟು ಹೋಗ್ಬೇಡ್ರಿ” ಎಂದು ನನ್ನ ತೋಳು ಹಿಡಿದರು. ಆ ಹಿಡಿತದಲ್ಲಿ ತಮಾಷೆ ಇರಲಿಲ್ಲ.

ಶರಣಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದ. ಅವರನ್ನು ಕೂರಿಸಿ, ಹಿಂದೆ ಅವನು ಮುಂದೆ ನಾನು ಹಿಡಿದು, ಅದೇ ಆ ಕಡೆಯ ಮೆಟ್ಟಿಲಿನಿಂದ ಇಳಿಸತೊಡಗಿದೆವು. ಮೇಡಂ ಒಂದು ಕೈಯಲ್ಲಿ ಸೆರಗನ್ನು ಮೂಗಿಗೆ ಒತ್ತಿ, ಇನ್ನೊಂದು ಕೈಯಲ್ಲಿ ನನ್ನ ಕಾಲರು ಹಿಡಿದಿದ್ದರು. ಬೆನ್ನು ಬಗ್ಗಿಸಿದೆನೋ ಮೊಣಕಾಲು ಮಡಿಸಿದೆನೋ ನಾನರಿಯೆ. ಮೊದಲನೆಯ ಮಹಡಿಯಲ್ಲಿ ನನ್ನ ಕಾಲು ಜಾರಿ ಕುರ್ಚಿ ವಾಲಿತು.

“ಅಯ್ಯೋ, ಬೆಂಕಿಯಾದ್ರೆ ನಿಧಾನಕ್ಕೆ ಬರ್ತಿತ್ತು ಕಣ್ರೀ, ನೀವು ಈಗಲೇ ಸಾಯಿಸ್ತೀರಿ” ಎಂದರು ಮೇಡಂ. ಹೊಗೆಯಲ್ಲಿ ಕೆಮ್ಮುತ್ತ ಮೂವರೂ ನಕ್ಕೆವು. ನಗದಿದ್ದರೆ ಬಹುಶಃ ಅಳುತ್ತಿದ್ದೆವು.

ಹೊರಗೆ ಗಾಳಿ ಸಿಕ್ಕಿತು. ಅಗ್ನಿಶಾಮಕದವರು ಬಂದು ಬ್ಯಾಟರಿ ಕೋಣೆಯ ಬೆಂಕಿ ಆರಿಸಿದರು. ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದಾಗ, “ಒಬ್ಬರೂ ಇಲ್ಲ” ಎಂದೆ. ಜೀವನದಲ್ಲಿ ನಾನು ಅಷ್ಟು ಹೆಮ್ಮೆಯಿಂದ ಹೇಳಿದ ಮಾತು ಇನ್ನೊಂದಿಲ್ಲ. ಮೇಡಂ ಯಜಮಾನರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಾರು ಸರ್ಜಾಪುರದ ಕಡೆ ಹೋಯಿತು.

ಮಿಕ್ಕವರನ್ನು ನೋಡೋಣವೆಂದು ಬಸ್ಸು ನಿಲ್ಲುವ ಜಾಗಕ್ಕೆ ಹೋದೆ. ಬಸ್ಸಿರಲಿಲ್ಲ. ವೆಂಕಟಾಚಲಯ್ಯನವರಿಗೆ ಫೋನ್ ಮಾಡಿದೆ.

“ಎಲ್ಲರೂ ಒಟ್ಟಿಗೆ ಹತ್ತಿದ್ದು ನೋಡಿ ಡ್ರೈವರ್ ಹೊರಟೇ ಬಿಟ್ಟ ಮೇಷ್ಟ್ರೇ. ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು, ವರ್ತೂರಲ್ಲಿ ಜಾಮೇ ಇಲ್ಲ! ಅದ್ಸರಿ, ನೀವೆಲ್ಲಿ?”

ಎಲ್ಲಿ ಎಂದು ಹೇಳಲು ಗಂಟಲಿರಲಿಲ್ಲ. ಮುಖ್ಯ ರಸ್ತೆಗೆ ನಡೆದು ಕಾಡುಗೋಡಿ ಕಡೆಯ ಸರ್ಕಾರಿ ಬಸ್ಸಿಗೆ ಕೈ ಅಡ್ಡ ಹಿಡಿದೆ. ಕಂಪನಿ, ಫ್ಯಾಕ್ಟರಿ ಎಲ್ಲ ಬಿಟ್ಟ ಹೊತ್ತು, ಒಳಗೆ ಉಸಿರಾಡಲೂ ಜಾಗವಿಲ್ಲ. ಒಂದು ಕಾಲಿಗೆ ಫುಟ್‌ಬೋರ್ಡು ಸಿಕ್ಕಿತು, ಇನ್ನೊಂದು ಗಾಳಿಯಲ್ಲಿ. ಕಂಬಿ ತಬ್ಬಿಕೊಂಡು ನೇತಾಡುತ್ತಿದ್ದ ನನ್ನನ್ನು ಕಂಡು ಕಂಡಕ್ಟರ್ ಒಳಗಿನಿಂದ ರೇಗಿದ: “ರೀ ಯಜಮಾನ್ರೇ, ಓದಿದೋರ ಥರ ಕಾಣ್ತೀರ, ಜೀವದ ಮೇಲೆ ಆಸೆ ಇಲ್ವಾ ನಿಮ್ಗೆ?”

ನಾನು ಯಾರು, ನನ್ನ ಹುದ್ದೆ ಏನು ಎಂದು ಅವನಿಗೆ ಹೇಳಬಹುದಿತ್ತು. ಆದರೆ ಮೊದಲು ಎರಡನೆಯ ಕಾಲಿಗೆ ಜಾಗ ಬೇಕಿತ್ತು.