ಎಡಗಿವಿಗೆ ನೂರಕ್ಕೆ ನೂರು

“ಕಾರಣ ತಿಳಿಯದೆ ಆ ಡಾಕ್ಟರ ಕೋಣೆಯಿಂದ ನಾನು ಕದಲುವವನಲ್ಲ! ಕಾರಣವಿಲ್ಲದೆ ಕಿವಿ ಕೈಕೊಡೋದು ಅಂದ್ರೇನು?” ಎಂದು ಗಣಿತದ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಲೇ ಶಪಥ ಮಾಡಿದರು.

ಶಾಲೆಯಲ್ಲಿ ಅವರಿಗೆ ರೇಡಾರ್ ಮೇಷ್ಟ್ರು ಎಂದೇ ಹೆಸರು. ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರೂ ಕೊನೆಯ ಬೆಂಚಿನಲ್ಲಿ ಕಾಪಿ ಚೀಟಿ ಬಿಚ್ಚಿದ ಸದ್ದು ಅವರಿಗೆ ಗುಡುಗಿನಂತೆ ಕೇಳುತ್ತಿತ್ತು. ಅಂಥ ಮಹಾಕರ್ಣರ ಎಡಗಿವಿ ಮೊನ್ನೆ ಬೆಳಗ್ಗೆ ಏಳುವ ಹೊತ್ತಿಗೆ ಕದ ಹಾಕಿಕೊಂಡಿತ್ತು! ನೋವಿಲ್ಲ, ನೆಗಡಿಯಿಲ್ಲ, ಪೆಟ್ಟಿಲ್ಲ. ಮೇಷ್ಟ್ರು ಸ್ವತಃ ತನಿಖೆಗಿಳಿದರು. ದಿಂಬು, ಫ್ಯಾನು, ಹೆಂಡತಿಯ ಮಿಕ್ಸಿ ಎಲ್ಲವೂ ಆರೋಪಿಗಳಾಗಿ ಖುಲಾಸೆಯಾದವು.

ಆಮೇಲೆ ತರಗತಿಯಲ್ಲಿ ಹುಡುಗಿಯೊಬ್ಬಳು “ಸಾರ್, ಲೆಕ್ಕ ತಪ್ಪಿದೆ” ಅಂದಳು. ಮೇಷ್ಟ್ರು “ಹೋಗಿ ನೀರು ಕುಡಿದು ಬಾ” ಅಂದರು. ಇಡೀ ತರಗತಿ ಗೊಳ್ಳೆಂದಿತು. ನಗು ಮೊದಲು ಯಾವ ಮೂಲೆಯಿಂದ ಎದ್ದಿತೆಂದು ಗೊತ್ತಾಗದೆ ಸೀಮೆಸುಣ್ಣ ಹಿಡಿದು ನಿಂತವರಿಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಸುದ್ದಿ ಕೇಳಿದ ಹೆಂಡತಿ “ನಿಮ್ಮ ತನಿಖೆ ಸಾಕು, ನಡೀರಿ” ಎಂದು ಹೊರಡಿಸಿದರು.

ಕಿವಿ ಡಾಕ್ಟರು ಮೊದಲು ಪರೀಕ್ಷೆಗೆ ಕಳಿಸಿದರು. ಗಾಜಿನ ಕಿಟಕಿಯ ಪುಟ್ಟ ಕೋಣೆ. ತಲೆಗೆ ಹೆಡ್‌ಫೋನು, ಕೈಗೊಂದು ಗುಂಡಿ. “ಸದ್ದು ಕೇಳಿಸಿದಾಗ ಒತ್ತಿ” ಎಂದಳು ಪರೀಕ್ಷೆ ನಡೆಸುವ ತರುಣಿ.

ಬಲಗಿವಿ ಸರಾಗವಾಗಿ ಮುಗಿಯಿತು. ಎಡಗಿವಿಯ ಸರದಿ ಬಂತು. ನಿಶ್ಶಬ್ದ! ಮೇಷ್ಟ್ರು ಜನ್ಮದಲ್ಲಿ ಒಂದು ಪರೀಕ್ಷೆಯಲ್ಲೂ ಫೇಲಾದವರಲ್ಲ! ಅಷ್ಟರಲ್ಲಿ ಗಾಜಿನಾಚೆ ಆ ತರುಣಿಯ ಬೆರಳು ಯಂತ್ರದ ಮೇಲೆ ಅಲ್ಲಾಡಿದ್ದು ಕಂಡಿತು. ಮೇಷ್ಟ್ರು ಒತ್ತಿದರು. ಮತ್ತೆ ಬೆರಳು ಆಡಿತು, ಮತ್ತೆ ಒತ್ತಿದರು. ಆಮೇಲೆ ಬೆರಳಿಗೆ ಬಿಡುವಿಲ್ಲ, ಗುಂಡಿಗೂ ಬಿಡುವಿಲ್ಲ!

ಡಾಕ್ಟರು ರಿಪೋರ್ಟು ನೋಡಿ ಮೇಷ್ಟ್ರ ಎಡಮಗ್ಗುಲಿಗೆ ಬಂದು ಬೆನ್ನು ತಟ್ಟಿದರು. “ಎಳೆ ಮಗುವಿನ ಕಿವಿ ಸಾರ್ ನಿಮ್ಮದು! ಆರಾಮಾಗಿ ಮನೆಗೆ ಹೋಗಿ.”

“ಮೊನ್ನೆಯಿಂದ,” ಅಂದರು ಮೇಷ್ಟ್ರು.

“ಔಷಧಿ ಏನೂ ಬೇಡ.”

“ಮದುವೆಯಾಗಿ ಬಹಳ ವರ್ಷ ಆಯ್ತು.”

ಡಾಕ್ಟರು ರಿಪೋರ್ಟನ್ನೂ ಮೇಷ್ಟ್ರನ್ನೂ ಮಿಕಿಮಿಕಿ ನೋಡಿದರು. ಹೆಂಡತಿ ಮಾತ್ರ ಗಂಡನ ಬಲಕ್ಕೆ ಬಾಗಿ ತಣ್ಣಗೆ ಕೇಳಿದರು, “ರೀ, ಕಾಪಿ ಹೊಡೆದ್ರಾ?”

ಮೇಷ್ಟ್ರು ತಮ್ಮ ಚಪ್ಪಲಿಯನ್ನೇ ನೋಡುತ್ತಾ ಗೊಣಗಿದರು. “ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಪೂರ್ತಿ.”

ಮತ್ತೆ ಪರೀಕ್ಷೆ, ಈ ಸಲ ಮೇಷ್ಟ್ರನ್ನು ಗೋಡೆಗೆ ಮುಖ ಮಾಡಿಸಿ! ಎಡಗಿವಿಯ ಗೆರೆ ಕಾಗದದ ತಳ ಸೇರಿತು. ಡಾಕ್ಟರ ನಗು ಮಾಯವಾಯಿತು.

“ಒಳಗಿವಿಯ ನರಕ್ಕೆ ತೊಂದರೆಯಾಗಿದೆ. ಬೇಗ ಬಂದದ್ದು ಒಳ್ಳೇದಾಯ್ತು. ಈಗಲೇ ಮಾತ್ರೆ ಶುರು ಮಾಡೋಣ, ಸ್ವಲ್ಪವಾದರೂ ವಾಪಸ್ಸು ಬರಬಹುದು.”

“ಕಾರಣ?”

“ಗೊತ್ತಿಲ್ಲ. ಸ್ಕ್ಯಾನ್ ಮಾಡಿಸೋಣ. ಆದರೆ ಬಹಳ ಜನಕ್ಕೆ ಕಾರಣ ಸಿಗೋದೇ ಇಲ್ಲ.”

“ಉತ್ತರ ಗೊತ್ತಿಲ್ಲ ಅಂತ ಬರೆದರೆ ನಾನು ಸೊನ್ನೆ ಕೊಡ್ತೀನಿ, ಡಾಕ್ಟ್ರೇ!”

“ಕೊಡಿ ಸಾರ್. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದು ಇನ್ನೊಂದು ಸಲ ಎಡವಟ್ಟು ಮಾಡೋದು ಬೇಡ.”

ಮೇಷ್ಟ್ರು ಔಷಧಿ ಚೀಟಿ ಹಿಡಿದು ಎದ್ದರು.

ದಾರಿಯುದ್ದಕ್ಕೂ ಹೆಂಡತಿಯ ಸೊಲ್ಲೇ ಕೇಳದಷ್ಟು ಶಾಂತಿ. ಪಾಪ, ಗಾಬರಿಯಾಗಿರಬೇಕು ಎಂದುಕೊಂಡರು ಮೇಷ್ಟ್ರು. ಔಷಧಿ ಅಂಗಡಿಯ ತಿರುವಿನಲ್ಲಿ ಆಕೆ ಸರ್ರನೆ ಎಡದಿಂದ ಬಲಕ್ಕೆ ಬಂದು ಅವರ ತೋಳು ಹಿಡಿದರು. ಮೇಷ್ಟ್ರ ಕಣ್ಣು ತುಂಬಿತು.

“ನನಗೆ ಕೇಳಿಸಲಿ ಅಂತ ಈ ಕಡೆ ಬಂದೆಯಾ?”

“ಮತ್ತೆ? ಆಸ್ಪತ್ರೆಯಿಂದ ಇಲ್ಲೀವರೆಗೂ ಬೈದಿದ್ದೆಲ್ಲ ದಂಡವಾಯ್ತು! ಈಗ ಮೊದಲಿಂದ ಶುರು ಮಾಡ್ತೀನಿ, ಕೇಳಿ.”