ಉಗ್ರಾಣದಲ್ಲಿರುವ ತೂಕದ ಯಂತ್ರದವರ ಸನ್ನಿಧಿಗೆ

ಮಾನ್ಯರೇ,

ಜಿಮ್ನಾಸ್ಟಿಕ್ಸ್ ಹಾಲ್‌ನ ಹಿಂಬದಿಯ ಉಗ್ರಾಣದಲ್ಲಿ, ಹರಿದ ಮ್ಯಾಟುಗಳಿಗೂ ಕಾಲು ಮುರಿದ ಬೆಂಚಿಗೂ ನಡುವೆ, ಗೋಡೆಯ ಕಡೆ ಮುಖ ಮಾಡಿಕೊಂಡು ವಿಶ್ರಾಂತಿ ಪಡೆಯುತ್ತಿರುವ ತಮಗೆ, ಹನ್ನೊಂದು ವರ್ಷ ತಮ್ಮ ಪಕ್ಕದಲ್ಲೇ ನಿಂತು ತಮ್ಮ ಮುಳ್ಳು ತೋರಿಸಿದ್ದನ್ನು ಊರಿಗೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದ ಸಹಾಯಕ ಕೋಚ್ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಅಷ್ಟು ಕ್ಷೇಮವಾಗಿಲ್ಲ, ಆದ್ದರಿಂದಲೇ ಈ ಪತ್ರ.

ಮೊದಲಿಗೆ ಅಭಿನಂದನೆಗಳು. ಹಿಂದಿನ ವರ್ಷಗಳಲ್ಲಿ ಈ ಹಾಲ್‌ನಲ್ಲಿ ಮಕ್ಕಳಿಗೆ ತರಬೇತಿಯ ಹೆಸರಿನಲ್ಲಿ ಏನೇನು ನಡೆಯಿತೆಂದು ತಿಳಿಯಲು ನಮ್ಮ ಸಂಘ ನೇಮಿಸಿದ ವಿಚಾರಣಾ ಸಮಿತಿಯು ನಾಲ್ಕು ತಿಂಗಳಲ್ಲಿ ನಾಲ್ಕು ಸಭೆ ನಡೆಸಿ, ಇದುವರೆಗೆ ಒಬ್ಬರನ್ನು ಮಾತ್ರ ಹಾಲ್‌ನಿಂದ ಹೊರಗೆ ಹಾಕಿದೆ, ಮತ್ತು ಆ ಒಬ್ಬರು ತಾವು. 'ಮಕ್ಕಳ ಮನಸ್ಸಿಗೆ ನೋವುಂಟುಮಾಡುವ ತೂಕದ ಯಂತ್ರವನ್ನು ತೆರವುಗೊಳಿಸಲಾಗಿದೆ' ಎಂಬ ಪ್ರಕಟಣೆಯ ಜೊತೆಗೆ, ಇಬ್ಬರು ತಮ್ಮನ್ನು ಹೆಣ ಹೊತ್ತಂತೆ ಹೊತ್ತು ಸಾಗಿಸುವ ಫೋಟೋ ಕೂಡ ಬಂದಿತ್ತು. ಅದರ ಮೂಲೆಯಲ್ಲಿ ಮುಖ್ಯ ಕೋಚ್ ಆಗಿದ್ದ ನಮ್ಮ ದೊಡ್ಡ ಸರ್ ಕೈಗಳನ್ನು ಹಿಂದೆ ಕಟ್ಟಿಕೊಂಡು ಗಂಭೀರವಾಗಿ ನಿಂತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಮ್ಮೆಯಾದರೂ ಒಮ್ಮೆ ಕೂಗುತ್ತದೆ, ತಾವು ಅದನ್ನೂ ಮಾಡಲಿಲ್ಲ.

ಇದೇ ನನ್ನ ದೂರು, ಮಾನ್ಯರೇ: ತಾವು ಯಾವತ್ತೂ ಬಾಯಿ ಬಿಡಲಿಲ್ಲ. ಬೆಳಗಿನ ಆರು ಗಂಟೆಗೆ ಬರಿಗಾಲಿನ ಹುಡುಗಿಯರು ಸಾಲಾಗಿ ಬಂದು, ಕೂದಲಿನ ಕ್ಲಿಪ್ಪು ಕೂಡ ತೆಗೆದಿಟ್ಟು, ಉಸಿರು ಬಿಗಿಹಿಡಿದರೆ ತೂಕ ಕಡಿಮೆಯಾಗುತ್ತದೆಂದು ನಂಬಿ ತಮ್ಮ ಮೇಲೆ ನಿಲ್ಲುತ್ತಿದ್ದರು. ನಾನು ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ರಿಜಿಸ್ಟರಿನಲ್ಲಿ ನೀಲಿ ಶಾಯಿಯಲ್ಲಿ ಬರೆದು, ನಿಗದಿಗಿಂತ ಹೆಚ್ಚಿದ್ದರೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಿದ್ದೆ. ನನ್ನ ಧ್ವನಿ ಹಾಲ್‌ನ ಆ ತುದಿಗೂ ಮುಟ್ಟುತ್ತದೆಂದು, ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ದೊಡ್ಡ ಸರ್ ನಾಲ್ಕು ಜನರ ಮುಂದೆ ಹೊಗಳಿದ್ದರು. ಆ ಹೊಗಳಿಕೆಗಾಗಿಯೇ ರಿಜಿಸ್ಟರುಗಳನ್ನು ಮನೆಗೆ ತಂದು ಇಂದಿಗೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಇನ್ನೊಂದು ಸೇವೆಯನ್ನೂ ಮರೆಯಬಾರದು: ಹುಡುಗಿಯರು ಕಾಲು ಚಾಚಿ ನೆಲಕ್ಕೆ ಬಾಗುವಾಗ ಮೈ ಇನ್ನಷ್ಟು ಬಳುಕಲೆಂದು ಅವರ ಬೆನ್ನ ಮೇಲೆ ಕೂರುತ್ತಿದ್ದವಳು ನಾನು. ಆಗ ಕೂತವಳ ತೂಕ ಎಷ್ಟೆಂದು ಬರೆದುಕೊಳ್ಳಲು ಯಾವ ರಿಜಿಸ್ಟರೂ ಇರಲಿಲ್ಲ.

ಈಗ ನಮ್ಮಿಬ್ಬರ ನಡುವಿನ ಗುಟ್ಟಿಗೆ ಬರುತ್ತೇನೆ. ಒಂದು ಮಧ್ಯಾಹ್ನ ತಮ್ಮ ಗಾಜಿನ ಮೇಲೆ ಕೂತಿದ್ದ ಚಾಕ್ ಪುಡಿಯನ್ನು ಒರೆಸುವಾಗ, ತಮ್ಮ ಮೇಲೆ ನರಪಿಳ್ಳೆಯೂ ಇಲ್ಲದಿದ್ದರೂ ಮುಳ್ಳು ಸೊನ್ನೆಯಿಂದ ಏಳು ಗೆರೆ ಮುಂದೆ ನಿಂತಿದ್ದನ್ನು ಕಂಡೆ. ಗೆರೆಗೆ ನೂರು ಗ್ರಾಂ, ಏಳು ಗೆರೆಗೆ ಏಳುನೂರು. ತಮ್ಮ ಬೆನ್ನಿನಲ್ಲಿರುವ ತಿರುಪನ್ನು ನಾಣ್ಯದ ಅಂಚಿನಿಂದ ತಿರುಗಿಸಿದ್ದರೆ ಅರ್ಧ ನಿಮಿಷದ ಕೆಲಸ. ನಾನು ವಿಧೇಯಳಾಗಿ ದೊಡ್ಡ ಸರ್ ಬಳಿ ಹೋಗಿ ಹೇಳಿದೆ. ಅವರು ಸೀಟಿಯನ್ನು ಬಾಯಿಂದ ತೆಗೆದು, 'ಇರ್ಲಿ ಬಿಡಮ್ಮ, ಸ್ವಲ್ಪ ಜಾಸ್ತಿ ತೋರ್ಸಿದ್ರೆ ಇನ್ನೂ ಸ್ವಲ್ಪ ಹೆದ್ರಿಕೊಂಡಿರ್ತಾರೆ' ಎಂದು ಮತ್ತೆ ಸೀಟಿ ಕಚ್ಚಿಕೊಂಡರು. ನಾನು ತಲೆಯಾಡಿಸಿ ಬಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹುಡುಗಿಯರನ್ನು ಹೀಯಾಳಿಸುತ್ತಿದ್ದ ನಮ್ಮ ಹಾಲ್‌ನಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಮತ್ತು ಅದು ಇಬ್ಬರಿಗೆ ಗೊತ್ತಿತ್ತು.

ಇದಕ್ಕಿಂತ ನಾಚಿಕೆಯ ಸಂಗತಿಯೊಂದು ತಮಗೆ ಮಾತ್ರ ತಿಳಿದಿದೆ. ಎಲ್ಲರೂ ಹೋದ ಮೇಲೆ ನಾನೂ ತಮ್ಮ ಮೇಲೆ ನಿಲ್ಲುತ್ತಿದ್ದೆನಲ್ಲ, ಆಗ ಮುಳ್ಳು ತೋರಿಸಿದ್ದರಿಂದ ಏಳುನೂರು ಗ್ರಾಮನ್ನು ಒಂದು ದಿನವೂ ತಪ್ಪದೆ ಕಳೆದುಕೊಂಡೇ ಇಳಿಯುತ್ತಿದ್ದೆ. ಲೆಕ್ಕದಲ್ಲಿ ನಾನು ಶಾಲೆಯಲ್ಲಿ ಎರಡು ಸಲ ನಪಾಸಾದವಳು. ಆದರೂ ಈ ಒಂದು ವ್ಯವಕಲನ ನನ್ನ ಪಾಲಿಗೆ ಎಂದೂ ತಪ್ಪಲಿಲ್ಲ, ಮಕ್ಕಳ ಪಾಲಿಗೆ ಎಂದೂ ನೆನಪಾಗಲಿಲ್ಲ.

ಆ ಏಳು ಗೆರೆಯ ಗುಟ್ಟು ಗೊತ್ತಾದ ಮೇಲಿನ ಮಾತು, ಹದಿಮೂರು ವರ್ಷದ ಒಬ್ಬ ಹುಡುಗಿ ತಮಗೆ ನೆನಪಿರಬೇಕು. ನಿಗದಿಯಾದ ತೂಕ ಮೂವತ್ತೆರಡು ಕೆಜಿ. ಅದರ ಆಸುಪಾಸಿನಲ್ಲೇ ಓಲಾಡುತ್ತಿದ್ದ ಕಡ್ಡಿಯಂಥ ಆ ಮಗುವಿಗೆ 'ಮೂಟೆ' ಎಂದು ಹೆಸರಿಟ್ಟವಳು ನಾನೇ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆದ್ದರಿಂದ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಆಯ್ಕೆಯ ಸ್ಪರ್ಧೆಗೆ ನಾಲ್ಕು ದಿನ ಇರುವಾಗ ತಾವು ಮೂವತ್ತೆರಡು ಕೆಜಿ ನಾನೂರು ಗ್ರಾಂ ತೋರಿಸಿದಿರಿ, ನಾನು ಓದಿದೆ, ಕೆಂಪು ಗೆರೆ ಎಳೆದೆ. ದೊಡ್ಡ ಸರ್ ಅವಳಿಗೆ ಪ್ಲಾಸ್ಟಿಕ್ ಮಳೆಕೋಟು ತೊಡಿಸಿ ಹಾಲ್ ಸುತ್ತ ನಲವತ್ತು ಸುತ್ತು ಓಡಿಸಿದರು, ನೀರಿನ ಬಾಟಲಿಯನ್ನು ನಾನು ಎತ್ತಿಟ್ಟುಕೊಂಡೆ. ಕೋಟು ಬಿಚ್ಚಿದಾಗ ಬೆವರು ಮೊಣಕೈಯಿಂದ ಹನಿಯುತ್ತಿತ್ತು. ಅದೇ ಕಾಲಲ್ಲಿ ಅವಳು ಬೀಮ್ ಎಂಬ ಅಂಗೈಯಗಲದ ತೊಲೆ ಹತ್ತಿ, ಹಿಂದಕ್ಕೆ ಲಾಗ ಹೊಡೆಯಲು ಹೋಗಿ ಕೆಳಗೆ ಬಿದ್ದಳು. 'ಏಳೇ ಮೂಟೆ, ನಾಟಕ ಸಾಕು' ಎಂದೆ ನಾನು, ಅವಳ ಮೊಣಕೈ ತಿರುಗಬಾರದ ಕಡೆಗೆ ತಿರುಗಿದ್ದನ್ನು ನೋಡುವುದಕ್ಕೆ ಮೊದಲು. ಅವಳು ಮತ್ತೆ ಬಾರ್ ಹಿಡಿಯಲಿಲ್ಲ.

ಹದಿನೇಳು ವರ್ಷ ಕಳೆದ ಮೇಲೆ ಅವಳು ಸಮಿತಿಗೆ ಪತ್ರ ಬರೆದಿದ್ದಾಳೆ. ಪರಿಹಾರ ಕೇಳಿಲ್ಲ, ಯಾರನ್ನೂ ಜೈಲಿಗೆ ಕಳಿಸಿ ಎಂದಿಲ್ಲ. ತನ್ನ ಮಗಳೂ ಈಗ ಜಿಮ್ನಾಸ್ಟಿಕ್ಸ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆಂದೂ, ಅಂದು ತನ್ನಿಂದ ತಪ್ಪಾಗಿತ್ತೇ ಎಂದು ಇಷ್ಟು ವರ್ಷವೂ ಗೊತ್ತಾಗಲಿಲ್ಲವೆಂದೂ, ಗೊತ್ತಿದ್ದವರು ಯಾರಾದರೂ ತನ್ನೆದುರು ಬಂದು ಹೇಳಬೇಕೆಂದೂ ಬರೆದಿದ್ದಾಳೆ. ದೊಡ್ಡ ಸರ್ ತಮ್ಮ ಉತ್ತರದಲ್ಲಿ, ಮಗು ನಿಯಮ ಮೀರಿ ತೂಕ ಹೆಚ್ಚಿಸಿಕೊಂಡಿತ್ತೆಂದೂ, ರಿಜಿಸ್ಟರು ಕಾಲಾಂತರದಲ್ಲಿ ಕಳೆದುಹೋಗಿರುವುದರಿಂದ ಹೆಚ್ಚಿನ ವಿವರ ಲಭ್ಯವಿಲ್ಲವೆಂದೂ ತಿಳಿಸಿದ್ದಾರೆ.

ಸಮಿತಿ ಆ ಎರಡೂ ಪತ್ರಗಳ ಪ್ರತಿಯ ಜೊತೆಗೆ ನನಗೂ ಒಂದು ನಮೂನೆ ಕಳಿಸಿತು. 'ತಮ್ಮ ಗಮನಕ್ಕೆ ಬಂದ ಅಕ್ರಮಗಳು' ಎಂಬ ಜಾಗದಲ್ಲಿ ಮೊದಲ ಸಲ 'ಇಲ್ಲ' ಎಂದು ಬರೆದೆ, ಎರಡನೆಯ ಸಲ 'ನೆನಪಿಲ್ಲ' ಎಂದು ತಿದ್ದಿದೆ, ಮೂರನೆಯ ಸಲ 'ಆ ಕಾಲವೇ ಹಾಗಿತ್ತು' ಎಂದು ಅಂದವಾಗಿ ಬರೆದು, ನನ್ನ ಅಕ್ಷರವನ್ನು ನಾನೇ ಮೆಚ್ಚಿಕೊಂಡೆ. 'ಮಕ್ಕಳಸ್ನೇಹಿ ತರಬೇತಿ' ಎಂಬ ಎರಡು ಗಂಟೆಯ ಶಿಬಿರಕ್ಕೆ ಹೋಗಿ ಪಡೆದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ, ಅದರ ಪ್ರತಿಯನ್ನೂ ಲಗತ್ತಿಸಿದೆ, ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲಿನ ಫೋಟೋ ತೆಗೆಸಿ ಅಂಚೆಗೆ ಹಾಕುವವಳು.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳು. ಅವಳೂ ಬರಲಿರುವ ಈ ಮಂಗಳವಾರದ ಸಭೆಗೆ ನನ್ನ ಬದಲಿಗೆ ತಾವೇ ದಯಮಾಡಿಸಿ ಸಾಕ್ಷಿ ನುಡಿಯಬೇಕು. ಸಾಧ್ಯವಿಲ್ಲವಾದರೆ ಆ ಬೆಳಗಿಗೆ ಹಿಂದಿರುಗಿ ತಮ್ಮ ಮುಳ್ಳನ್ನು ತಾವೇ ಏಳು ಗೆರೆ ಹಿಂದಕ್ಕೆ ಎಳೆದುಕೊಳ್ಳಬೇಕು. ಅದೂ ಕಷ್ಟವಾದರೆ, ಪ್ರತಿ ಹುಡುಗಿಯ ಮೇಲೆ ಪ್ರತಿ ಬೆಳಗ್ಗೆ ಹೇರಿದ ಏಳುನೂರು ಗ್ರಾಮನ್ನೆಲ್ಲ ಒಟ್ಟು ಮಾಡಿ ದೊಡ್ಡ ಸರ್ ಬೆನ್ನ ಮೇಲೂ ನನ್ನ ಬೆನ್ನ ಮೇಲೂ ಸಮನಾಗಿ ಹಂಚಿ, ನಾವು ಕಾಲು ಚಾಚಿ ನೆಲಕ್ಕೆ ಬಾಗುತ್ತೇವೆಯೋ ಇಲ್ಲವೋ ನೋಡಬೇಕು.

ಇಲ್ಲಿಯವರೆಗೆ ಬರೆದು, ಭಾಷೆ ಚೆನ್ನಾಗಿ ಬಂದಿದೆ ಎಂಬ ಖುಷಿಯಲ್ಲಿ ನನ್ನ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಬಟ್ಟೆ ಮಡಚುತ್ತಲೇ ಪೂರ್ತಿ ಕೇಳಿ, 'ಕಬ್ಬಿಣಕ್ಕೆ ಕಾಗದ ಬರೀತಾ ಕೂತಿದ್ದೀಯಲ್ಲೇ, ಆ ಹುಡುಗಿಗೆ ಒಂದು ಮಾತು ಹೇಳೋಕೆ ನಿಂಗೇನು ಧಾಡಿ?' ಎಂದಳು. ನಾನು ಸಮಿತಿಯ ನಿಯಮಾವಳಿಯ ಬಗ್ಗೆ ಏನೋ ಹೇಳಹೊರಟೆ. ಅಕ್ಕ ಎದ್ದು, ಬೀರು ತೆಗೆದು, ಸೀರೆಗಳ ಅಡಿಯಿಂದ ಆ ವರ್ಷದ ರಿಜಿಸ್ಟರನ್ನು ಎಳೆದು ನನ್ನ ತೊಡೆಯ ಮೇಲೆ ಹಾಕಿ, ಮತ್ತೆ ಬಟ್ಟೆ ಮಡಚತೊಡಗಿದಳು. ಅದು ತೊಡೆಯ ಮೇಲೆ ಬಹಳ ಹೊತ್ತು ಇತ್ತು.

ಆದ್ದರಿಂದ ಮೇಲಿನ ಬಿನ್ನಹಗಳನ್ನು ಹಿಂತೆಗೆದುಕೊಂಡಿದ್ದೇನೆ. ನಾಲಿಗೆ ಇಲ್ಲದ ತಮ್ಮನ್ನು ಮೌನಕ್ಕಾಗಿ ದೂರಿದ್ದಕ್ಕೆ, ಇದ್ದ ನಾಲಿಗೆಯನ್ನು ಅಂಕಿ ಓದಲಿಕ್ಕೆ ಮಾತ್ರ ಬಳಸಿದವಳ ಕ್ಷಮೆ ಇರಲಿ.

ಇಂತಿ,
ತಮಗಿಂತ ಏಳುನೂರು ಗ್ರಾಂ ಹೆಚ್ಚು ತಪ್ಪಿತಸ್ಥಳಾದ
ತಮ್ಮ ವಿಶ್ವಾಸಿ,
ಸಹಾಯಕ ಕೋಚ್

ತಾ.ಕ.: ನಿನ್ನೆ ಉಗ್ರಾಣಕ್ಕೆ ಬಂದು ತಮ್ಮ ಮುಖವನ್ನು ಈ ಕಡೆ ತಿರುಗಿಸಿ ಮೇಲೆ ಹತ್ತಿದವಳು ನಾನೇ. ಮುಳ್ಳು ಅರವತ್ತೆಂಟು ಎಂದಿತು, ನನ್ನ ಬಾಯಿ ತಾನಾಗಿ ಅರವತ್ತೇಳು ಮುನ್ನೂರು ಎಂದಿತು. ಹಾಗಾಗಿ ನೆನಪಿಲ್ಲ ಎಂಬ ಮಾತು ಇನ್ನು ನಡೆಯುವುದಿಲ್ಲ. ತಿರುಪನ್ನು ನಾನು ಮುಟ್ಟಿಲ್ಲ, ತಾವೂ ಮಂಗಳವಾರದವರೆಗೆ ಹಾಗೆಯೇ ಇರಬೇಕು, ಸಮಿತಿಯವರು ಬಂದು ನೋಡಲಿ. ಅಂದು ರಿಜಿಸ್ಟರು ತೆರೆದು, ಅವಳ ಎದುರಿಗೆ ನಿಂತು, ಆ ತುದಿಗೂ ಮುಟ್ಟುವ ನನ್ನ ಹಳೆಯ ಧ್ವನಿಯಲ್ಲಿ ಓದುತ್ತೇನೆ: ಆ ಬೆಳಗ್ಗೆ ಈ ಹುಡುಗಿಯ ತೂಕ ಮೂವತ್ತೊಂದು ಕೆಜಿ ಏಳುನೂರು ಗ್ರಾಂ, ನಿಗದಿಗಿಂತ ಮುನ್ನೂರು ಗ್ರಾಂ ಕಡಿಮೆ, ತಪ್ಪು ಅವಳದಲ್ಲ. ದೊಡ್ಡ ಸರ್ ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ. ಈಚೆಗೆ ಅವರಿಗೆ ಕಿವಿ ಸ್ವಲ್ಪ ಮಂದವೆಂದು ಕೇಳಿದ್ದೇನೆ, ಅವರಿಗಾಗಿ ಇನ್ನೊಂದು ಸಲ ಓದುತ್ತೇನೆ.