ಗ್ಲೌಸಿನ ಸುತ್ತೋಲೆ

ಆಸ್ಪತ್ರೆಯ ಸ್ಟೋರ್ ಕೀಪರ್ ತಾತನಾಗಿ ಎಂಟು ದಿನವಾಗಿತ್ತು, ಮೊಮ್ಮಗಳ ಮುಖ ಮಾತ್ರ ಇನ್ನೂ ನೋಡಿರಲಿಲ್ಲ. ರಜೆಗೆ ಹೇಗೋ ಸಹಿ ಬಿದ್ದಿತ್ತು, ಸಂಜೆ ಐದರ ಬಸ್ಸಿಗೆ ಹೆಂಡತಿ ಬ್ಯಾಗು ತುಂಬಿಟ್ಟಿದ್ದಳು. ಅಂಥ ದಿನ ಬೆಳಿಗ್ಗೆಯೇ ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಫೋನ್ ಮಾಡಿದರು.

"ಗ್ಲೌಸ್ ಖಾಲಿ. ಮಧ್ಯಾಹ್ನದ ಆಪರೇಷನ್ನಿಗೆ ಒಂದು ಜೊತೆನೂ ಇಲ್ಲ. ನೀವು ಊರಿಗೆ ಹೇಗೆ ಹೋಗ್ತೀರೋ ನಾನೂ ನೋಡ್ತೀನಿ."

ಸ್ಟೋರಿನಲ್ಲೂ ಇರಲಿಲ್ಲ. ಹೊಸ ಮಾಲು ಬರಲು ಇನ್ನೂ ಎರಡು ದಿನ. ಕಳೆದ ವಾರವಷ್ಟೇ ಪೆಟ್ಟಿಗೆಗಟ್ಟಲೆ ಹಂಚಿದ್ದೆಲ್ಲ ಎಲ್ಲಿ ಹೋಯಿತು ಎಂದು ಅವನು ವಾರ್ಡಿನಿಂದ ವಾರ್ಡಿಗೆ ಅಲೆದ.

ಮಕ್ಕಳ ವಾರ್ಡಿನ ಸಿಸ್ಟರ್ ಬೀರುವಿಗೆ ಬೆನ್ನು ಕೊಟ್ಟು ನಿಂತು, "ನಮ್ಮ ಹತ್ರ ಎಲ್ಲಿಂದ ಬರ್ಬೇಕು ಸರ್?" ಎಂದರು. ಮೂಳೆ ವಾರ್ಡಿನವರು ಖಾಲಿ ಡಬ್ಬ ಅಲ್ಲಾಡಿಸಿ ತೋರಿಸಿದರು. ಹೆರಿಗೆ ವಾರ್ಡಿನಲ್ಲಿ ಮಂಚದಡಿ ಆರು ಪೆಟ್ಟಿಗೆ ಕಂಡವು. "ಅದು ಬಾಣಂತಿ ಮನೆಯವರ ಸಾಮಾನು" ಎಂದರು ಅಲ್ಲಿಯ ಸಿಸ್ಟರ್. ಪೆಟ್ಟಿಗೆಗಳ ಮೇಲೆ ಇವನದೇ ಸಹಿ ಇತ್ತು.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲಿ ಮುಗಿದುಹೋಗುತ್ತದೋ ಎಂದು ಎಲ್ಲರೂ ಬಚ್ಚಿಡುತ್ತಾರೆ, ಬಚ್ಚಿಟ್ಟಿದ್ದಕ್ಕೇ ಮುಗಿದುಹೋಗುತ್ತದೆ, ಬೈಸಿಕೊಳ್ಳಲು ಮಾತ್ರ ಇವನೊಬ್ಬ.

ಸೀದಾ ಸ್ಟೋರಿಗೆ ಬಂದು ಒಂದು ಸುತ್ತೋಲೆ ಬರೆದು ಎಲ್ಲ ಕಡೆ ಕಳಿಸಿದ. ಕಳೆದ ವಾರದ ಗ್ಲೌಸಿನಲ್ಲಿ ದೋಷವಿದೆ. ಕೂಡಲೇ ಹಿಂತಿರುಗಿಸಿದವರಿಗೆ ಒಂದಕ್ಕೆ ಎರಡು ಪೆಟ್ಟಿಗೆ ಹೊಸದು ಕೊಡಲಾಗುವುದು.

ಅರ್ಧ ಗಂಟೆಯಲ್ಲಿ ಸ್ಟೋರಿನ ಮುಂದೆ ಜಾತ್ರೆ ಸೇರಿದಂತಾಯಿತು. ಮೂಳೆ ವಾರ್ಡಿನಿಂದ ಪೆಟ್ಟಿಗೆಗಳು ಗಾಲಿಕುರ್ಚಿಯಲ್ಲಿ ಕೂತು, ರೋಗಿಗಳ ಹಾಗೆ ಹೊದಿಕೆ ಹೊದ್ದು ಬಂದವು. ಬಾಣಂತಿ ಮನೆಯವರ ಸಾಮಾನೂ ಬಂತು. ಅವನಿಗೆ ಖುಷಿಯಿಂದ ಕಣ್ಣು ತುಂಬಿತು. ಹತ್ತು ಪೆಟ್ಟಿಗೆ ಟ್ರಾಲಿಗೆ ಹೇರಿ ಥಿಯೇಟರಿಗೆ ಹೊರಡುವಷ್ಟರಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು ಸುತ್ತೋಲೆ ಹಿಡಿದು ಎದುರಾದರು.

"ದೋಷ ಇರೋ ಮಾಲನ್ನ ನೀವಾಗೇ ಹಿಡಿದಿದ್ದೀರಿ, ಶಭಾಷ್" ಎಂದು ಎಲ್ಲವನ್ನೂ ಒಳಗೆ ತಳ್ಳಿಸಿ, ಬಾಗಿಲಿಗೆ ಸೀಲು ಹಾಕಿಸಿದರು. "ಪರೀಕ್ಷೆ ಮಾಡೋರು ಬರೋಕೆ ನಾಲ್ಕು ದಿನ ಆಗುತ್ತೆ. ಅಲ್ಲೀತನಕ ಯಾರೂ ಮುಟ್ಟಬಾರದು. ನಿಮ್ಮ ರಜೆ ರದ್ದು. ಸಾಕ್ಷಿ ನೀವೇ ತಾನೇ?"

"ಸರ್, ದೋಷ ಗೀಷ ಏನೂ ಇಲ್ಲ. ಬಚ್ಚಿಟ್ಟಿದ್ದನ್ನ ಹೊರಗೆ ತೆಗೆಸೋಕೆ ನಾನೇ ಸುಳ್ಳು ಬರೆದೆ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ದೋಷ ಇಲ್ಲ ಅನ್ನಿ ಅಂತ ಮಾಲು ಕೊಟ್ಟೋರು ಇಷ್ಟು ಬೇಗ ನಿಮಗೆ ಫೋನ್ ಮಾಡಿಬಿಟ್ರಾ?"

ಇನ್ನು ಆಪರೇಷನ್ ನಿಂತಂತೆಯೇ. ಕಾಲೆಳೆದುಕೊಂಡು ಥಿಯೇಟರಿಗೆ ಹೋದ. ಬಾಗಿಲ ಗಾಜಿನಲ್ಲಿ ಇಣುಕಿದರೆ ಆಪರೇಷನ್ ನಡೆಯುತ್ತಲೇ ಇದೆ, ಎಲ್ಲರ ಕೈಯಲ್ಲೂ ಗ್ಲೌಸ್. ಹೊರಗೆ ಹಿರಿಯ ಸಿಸ್ಟರ್ ತಮ್ಮ ಬೀರು ಮುಚ್ಚುತ್ತಿದ್ದರು. ಅದರೊಳಗೆ ಮೇಲಿಂದ ಕೆಳಗಿನವರೆಗೆ ಪೆಟ್ಟಿಗೆಗಳು.

"ಮತ್ತೆ ಇದೇನು?" ಎಂದ.

"ಇದು ಕಷ್ಟಕಾಲಕ್ಕೆ ಅಂತ ಇಟ್ಟಿದ್ದು. ನಿಮ್ಮ ಸುತ್ತೋಲೆ ನನಗೂ ಬಂತು, ನಾನು ನಂಬಲಿಲ್ಲ. ಒಂದು ಕೇಳಿದ್ರೆ ಅರ್ಧ ಕೊಡೋ ನೀವು, ಎರಡು ಕೊಡ್ತೀರಾ?" ಸಿಸ್ಟರ್ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. "ಅಲ್ಲ, ಮೊಮ್ಮಗಳನ್ನ ನೋಡೋಕೆ ಹೋಗ್ಬೇಕಿತ್ತಲ್ಲ, ಯಾಕಿನ್ನೂ ಇಲ್ಲೇ ಇದ್ದೀರಿ?"